ಸತ್ತವರು ಎದ್ದು ಹೋಗಬೇಕೆಂಬ ನಿಯಮ

ಮಧುಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವ ನಾನು ಒಂದು ಆಟ ಕಟ್ಟಲು ಹೊರಟೆ. ಮೇಜಿನ ಸುತ್ತ ಐದಾರು ಜನ ಕೂತು ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಮುಂದೇನಾಗುತ್ತದೆಂದು ಅನುಮಾನ ಬಂದ ಕಡೆ ದಾಳ ಉರುಳಿಸುತ್ತಾರೆ. ನಮ್ಮ ಕಥೆಯಲ್ಲಿ ಕೆರೆಯ ಏರಿ ಬಿರುಕು ಬಿಟ್ಟಿದೆ. ಗದ್ದೆಗಳಿಗೆ ಕೆರೆ ನೀರು ಬಿಡುವ ನೀರುಗಂಟಿ, ಸೂಲಗಿತ್ತಿ, ಕಮ್ಮಾರ ಸೇರಿ ಊರು ಉಳಿಸಬೇಕು. ನಿಯಮಗಳನ್ನು ಇಂಟರ್‌ನೆಟ್ಟಿನಲ್ಲಿಟ್ಟು, ‘ಯಾರು ಬೇಕಾದರೂ ತಿದ್ದಿ, ನಕಲು ಮಾಡಿಕೊಳ್ಳಿ’ ಎಂದು ಮೊದಲ ಸಾಲಿನಲ್ಲೇ ಬರೆದೆ. ಬರೆಯುವಾಗ ಹೆಮ್ಮೆಯಿತ್ತು.

ಜನ ನಿಜವಾಗಿ ತಿದ್ದತೊಡಗಿದಾಗ ನೆಮ್ಮದಿ ಹೋಯಿತು. ಕೊರಟಗೆರೆಯವರು ಕಮ್ಮಾರನ ಬಲ ಹೆಚ್ಚಿಸಿದರು. ಸಿರಾದ ಟೈಲರ್ ಒಬ್ಬರು ಕಥೆಯೊಳಕ್ಕೆ ಒಬ್ಬ ದರ್ಜಿಯನ್ನು ತಂದರು. ಪಾಠದ ನಡುವೆ ಮೊಬೈಲು ಗುಂಯ್‌ಗುಟ್ಟಿದರೆ ಬೋರ್ಡಿನ ಮೇಲಿನ ಲೆಕ್ಕ ತಪ್ಪುತ್ತಿತ್ತು. ಯಾರು ಏನು ಮಾಡಿದರೋ!

ಪಾತ್ರ ಸತ್ತರೆ ಆಡುವವರು ಎದ್ದು ಹೋಗಬೇಕು ಎಂಬುದು ನನ್ನ ನಿಯಮ. ಒಂದು ಬೆಳಿಗ್ಗೆ ನೋಡಿದರೆ, ಪಾವಗಡದ ಅಂಗನವಾಡಿ ಟೀಚರ್ ಅದನ್ನು ಹೊಡೆದುಹಾಕಿದ್ದರು. ಸತ್ತವರು ಬದುಕಿರುವ ಒಬ್ಬರಿಗೆ, ಬದುಕಿದ್ದಾಗ ಹೇಳದೇ ಉಳಿದ ಒಂದು ಮಾತು ಹೇಳಬೇಕು, ಆಮೇಲೆ ಬೇರೆ ಪಾತ್ರವಾಗಿ ಬರಬಹುದು ಎಂದು ಬರೆದಿದ್ದರು. ಅವರನ್ನು ಒಂದು ಮಾತೂ ಕೇಳದೆ ಅದನ್ನು ಅಳಿಸಿಬಿಟ್ಟೆ. ಮಧ್ಯಾಹ್ನದೊಳಗೆ ಅವರು ನಮ್ಮ ಆಟದ ವಾಟ್ಸಾಪ್ ಗುಂಪು ಬಿಟ್ಟರು. ಇಡೀ ಆಟದ ನಕಲು ತಗೊಂಡು ತಮ್ಮದೇ ಶುರುಮಾಡಿದರು.

ಸಿರಾದ ಟೈಲರ್ ಫೋನು ಮಾಡಿದರು. “ಮೊದಲ್ನೇ ಸಾಲು ನೀವೇ ಬರ್ದಿದ್ದಲ್ವಾ ಮೇಡಂ? ಈಗ್ಯಾಕೆ ಜಬರ್ದಸ್ತಿ?”

ಮೂರು ದಿನ ಕೂತಲ್ಲಿ ಕೂರಲಾಗಲಿಲ್ಲ, ಮಾಡಿದ ಸಾರಿಗೆ ಉಪ್ಪು ಹಾಕಲು ಮರೆತೆ. ಭಾನುವಾರ ಮಿಡಿಗೇಶಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸು ಹತ್ತಿದೆ.

ಟೀಚರ್ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಹೆಂಗಸರು ಆಟಕ್ಕೆಂದು ಚಾಪೆ ಮೇಲೆ ಕೂತಿದ್ದರು. ಕ್ಷಮೆ ಕೇಳುವ ಬದಲು ವಾದಕ್ಕಿಳಿದೆ. “ಸಾವಿಗೆ ಬೆಲೆ ಇಲ್ಲದಿದ್ದರೆ ಆಟದಲ್ಲಿ ಭಯ ಎಲ್ಲಿರುತ್ತೆ?”

“ಅದಿ ಕಾದಕ್ಕಾ, ಅದಲ್ಲ,” ಎಂದರು ಟೀಚರ್, ತೆಲುಗು ಬೆರೆಸಿ. ಮೂಲೆಯಲ್ಲಿದ್ದ ಹೂವಿನ ವ್ಯಾಪಾರದ ಹೆಂಗಸನ್ನು ತೋರಿಸಿದರು. “ಈಯಮ್ಮ ಮನೆಕೆಲ್ಸ ಎಲ್ಲಾ ಬುಟ್ಟು ಎರಡು ಗಂಟೆ ಆಡಾಕೆ ಅಂತ ಬಂದಿದ್ಲು. ಹತ್ತು ನಿಮಿಷಕ್ಕೇ ಸತ್ತೋದ್ಲು. ಆಮೇಲೆ ಗೋಡೆ ನೋಡ್ಕಂಡು ಕುಂತಿದ್ಲು, ಪಾಪ. ಎದ್ದೋಗು ಅಂತ ಹೆಂಗೆ ಹೇಳ್ಲಿ?”

ನನ್ನನ್ನೂ ಆಡಲು ಕೂರಿಸಿದರು. ನಾನು ಸೂಲಗಿತ್ತಿ, ಹೂವಿನಮ್ಮ ನನ್ನ ಮಗಳು. ಅರ್ಧ ಗಂಟೆಯಲ್ಲಿ ಏರಿಯ ಮಣ್ಣು ಕುಸಿದು ನಾನು ಸತ್ತೆ. ಎಲ್ಲರೂ ನನ್ನನ್ನೇ ನೋಡಿದರು. ಏನು ಹೇಳಬೇಕೆಂದು ತಡಕಾಡಿದೆ. ಕೊನೆಗೆ ಬಾಯಿಗೆ ಬಂದದ್ದು: “ಏರಿ ನಿಲ್ಲಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು ಮಗಾ. ನಿಮ್ಗೆ ಹೇಳ್ಲಿಲ್ಲ.”

ಹೂವಿನಮ್ಮ ದಾಳ ಕೆಳಗಿಟ್ಟರು. “ಯಾಕಮ್ಮ ಹೇಳ್ಲಿಲ್ಲ?” ಎಂದು ಕೇಳುವಾಗ ಅವರ ದನಿ ನಡುಗಿತು. ನನ್ನ ನಿಯಮ ಯಾರಲ್ಲೂ ಇಷ್ಟು ಭಯ ಹುಟ್ಟಿಸಿರಲಿಲ್ಲ.

ಆಟ ಮುಗಿದ ಮೇಲೆ ತಪ್ಪಾಯಿತೆಂದೆ, ವಾಪಸು ಬನ್ನಿ ಎಂದು ಕರೆದೆ.

“ಬರಲ್ಲಕ್ಕಾ. ನಂದು ನಂಗಿರ್ಲಿ. ನಿಮ್ಗೆ ಬೇಕಾದ್ದು ತಗಳಿ,” ಎಂದು ನಕ್ಕು ಕಾಫಿ ಕೊಟ್ಟರು.

ಆ ನಿಯಮವನ್ನು ತಂದು, ಪಾವಗಡದವರದ್ದೆಂದು ಬರೆದು ಸೇರಿಸಿದೆ. ಈಗ ಎರಡು ಆಟಗಳಿವೆ. ಮೊನ್ನೆ ಕೊರಟಗೆರೆಯವರು ಫೋನು ಮಾಡಿ, “ನಾವು ಅವರದ್ದನ್ನೇ ಆಡ್ತೀವಿ ಮೇಡಂ, ಅದೇ ಚೆನ್ನಾಗೈತೆ,” ಎಂದರು. ಹೌದು ಎಂದು ಒಪ್ಪಿಕೊಂಡೆ, ಆದರೆ ಮನಸ್ಸು ಪೂರ್ತಿ ಒಪ್ಪಲಿಲ್ಲ. ಫೋನಿಟ್ಟ ಮೇಲೆ ಶಾಲೆಯ ಜಗಲಿಯುದ್ದಕ್ಕೂ ಗಂಟೆ ಹೊಡೆಯುವವರೆಗೆ ಸುಮ್ಮನೆ ಓಡಾಡಿದೆ.