ಭಟ್ಕಳದಿಂದ ತಂದ ಹತ್ತು ಗಿಡ

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಹೆಂಡತಿ ನನ್ನನ್ನು ಕೇಳಿದ ಪ್ರವಾಸ ಒಂದೇ ಒಂದು. ಹರಿಹರದ ಮದುವೆಯೊಂದರಲ್ಲಿ ಮದುಮಗಳ ಜಡೆಗೆ ಮುಡಿಸಿದ್ದ ಭಟ್ಕಳ ಮಲ್ಲಿಗೆ ನೋಡಿ ಬಂದವಳು, ಅದರ ತೋಟ ನೋಡಬೇಕು, ನಾಲ್ಕು ಗಿಡ ತಂದು ನಮ್ಮ ಕೊಕ್ಕನೂರಿನ ಗದ್ದೆಯ ಪಕ್ಕ ಹಚ್ಚಬೇಕು ಎಂದು ಹಟ ಹಿಡಿದಳು.

"ಹೂವು ನೋಡಾಕೆ ಸಮುದ್ರದ ತನಕ ಹೋಗ್ಬೇಕಾ? ಹರಿಹರದ ಬಸ್‌ಸ್ಟ್ಯಾಂಡಿನಾಗ ಸಿಗಲ್ಲೇನು?" ಎಂದೆ.

"ಸಿಗ್ತೈತೆ. ನೀವು ಯಾವತ್ತು ತಂದಿದ್ರಿ?" ಎಂದಳು. ಚೀಲ ಹೆಗಲಿಗೇರಿಸಿ ಹೊರಟೆ.

ತೊಂಬತ್ತರ ದಶಕದ ಕೊನೆಯ ಬೇಸಿಗೆ ಅದು. ಭತ್ತ ಕೊಯ್ದಾಗಿತ್ತು, ನಾಲೆ ನಿಂತಿತ್ತು. ನಮ್ಮಂಥವರಿಗೆ ವರ್ಷದಲ್ಲಿ ಬಿಡುವೆಂದರೆ ಅಷ್ಟೇ. ಶಿವಮೊಗ್ಗ, ಸಾಗರ ದಾಟಿ ಬಸ್ಸು ಗೇರುಸೊಪ್ಪೆ ಘಟ್ಟ ಇಳಿಯುವಾಗ ಅವಳು ತಿರುವಿಗೊಮ್ಮೆ ನನ್ನ ತೋಳು ಹಿಡಿದು, "ಅಲ್ನೋಡ್ರಿ, ಅಲ್ನೋಡ್ರಿ" ಎನ್ನುತ್ತಿದ್ದಳು. ನನಗೆ ಹೊಟ್ಟೆ ತೊಳಸುತ್ತಿತ್ತು. ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕೂತಿದ್ದೆ. ಒಂದು ಸಲವಾದರೂ ಕಣ್ಣು ಬಿಟ್ಟು ಅವಳು ತೋರಿಸಿದ್ದನ್ನು ನೋಡಬಾರದಿತ್ತೇ ಎಂದು ಈಗ ಹೊಟ್ಟೆ ಉರಿಯುತ್ತದೆ.

ಮಲ್ಲಿಗೆ ತೋಟ ಕೆಂಪು ಮಣ್ಣಿನ ಇಳಿಜಾರಿನಲ್ಲಿತ್ತು. ಕೆಳಗೆ ತೆಂಗು, ಅದರಾಚೆ ಸಮುದ್ರ. ತೋಟದ ಅಜ್ಜಿ ಜಗಲಿಯಲ್ಲಿ ಬಾಳೆನಾರಿನಿಂದ ಮೊಗ್ಗು ಕಟ್ಟುತ್ತಿದ್ದರು. ಇವಳು ಅವರ ಪಕ್ಕ ಕೂತು ಒಂದೊಂದೇ ಕೇಳತೊಡಗಿದಳು. ನಾನು ಈ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತ ಅಡ್ಡಾಡಿದೆ. ಕಾಲುವೆ ಇಲ್ಲ, ಮಡಿ ಇಲ್ಲ. ಕೊಡದಲ್ಲಿ ಹೊತ್ತು ತಂದು ಬುಡಕ್ಕೆ ಒಂದು ಚೊಂಬು ಎರೆಯುತ್ತಾರಂತೆ. ಇದೂ ಒಂದು ಬೇಸಾಯವೇ ಎಂದು ಒಳಗೊಳಗೇ ನಕ್ಕೆ.

ಹಿಂದಿರುಗುವಾಗ ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಹತ್ತು ಗಿಡಗಳನ್ನು ಅವಳು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಮುಂಗಾರಿಗೆ ತಾನೇ ಗುಂಡಿ ತೋಡಿ ಹಚ್ಚಿದಳು. ತಿಂಗಳು ಕಳೆಯುವುದರೊಳಗೆ ಹೊಟ್ಟೆನೋವು ಶುರುವಾಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿ, ಮಾಡುವುದೇನೂ ಉಳಿದಿಲ್ಲವೆಂದು ಹಾಗೇ ಹೊಲಿದರು. ದಿನಾ ಸೂಜಿ ಹಾಕಿಸಲು ಅನುಕೂಲವೆಂದು ಅವಳನ್ನು ದೇವರಾಜ ಅರಸು ಬಡಾವಣೆಯಲ್ಲಿದ್ದ ನನ್ನ ಅಕ್ಕನ ಮನೆಯಲ್ಲಿ ಇಟ್ಟೆವು.

"ಗಿಡ ಜ್ವಾಕಿ. ನಾನು ಬರೋಷ್ಟೊತ್ತಿಗೆ ಚಿಗುರಿರ್ಬೇಕು ನೋಡ್ರಿ" ಎಂದಿದ್ದಳು.

ನಾವು ನಾಲೆಯ ತುದಿಯವರು. ಮೇಲಿನ ಊರುಗಳೆಲ್ಲ ಕುಡಿದು ಮಿಕ್ಕಿದ್ದು ನಮಗೆ. ಬಂದ ನೀರಿಗೆ ಸಾಕು ಎಂದು ಹೇಳಿದವನು ನಮ್ಮ ವಂಶದಲ್ಲೇ ಇಲ್ಲ. ನಾಲೆಗೆ ನೀರು ಬಿಟ್ಟ ದಿನ, ಅವಳ ಗಿಡಕ್ಕೇ ಮೊದಲು ಎಂದು ಹೆಮ್ಮೆಯಿಂದ ಆ ಕಡೆ ತಿರುಗಿಸಿದೆ. ಎರೆಮಣ್ಣಿನಲ್ಲಿ ನೀರು ನಾಲ್ಕು ದಿನ ನಿಂತಿತು. ಎಲೆ ಹಳದಿಯಾಯಿತು, ಬಾಯಾರಿಕೆ ಇರಬೇಕೆಂದು ಮತ್ತೆ ಬಿಟ್ಟೆ. ಕೊನೆಗೆ ಕಿತ್ತು ನೋಡಿದರೆ ಹತ್ತಕ್ಕೆ ಹತ್ತೂ ಬೇರು ಕೊಳೆತು ನಾರುತ್ತಿದ್ದವು. ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಹೇಳುವವನು ನಾನು.

"ಗಿಡ ಹೆಂಗವೆ?" ಎಂದು ಅಕ್ಕನ ಮನೆಗೆ ಹೋದಾಗ ಕೇಳಿದಳು.

"ಚೆನ್ನಾಗಿ ಬಂದವೆ" ಎಂದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವಳು ನಂಬಲಿಲ್ಲವೇನೋ ಎನಿಸಿ, ಮರುದಿನ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಮಾರು ಮಲ್ಲಿಗೆ ಕೊಂಡು, ಬಾಳೆ ಎಲೆಯಲ್ಲಿ ಸುತ್ತಿ ತಂದೆ. "ನಮ್ಮ ಗಿಡದ್ದೇ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಕೂತು, "ಮುಡಿಸ್ರಿ" ಎಂದಳು. ಎಂದೂ ಮಾಡದ ಕೆಲಸ. ಕ್ಲಿಪ್ಪು ಎರಡು ಸಲ ಕೈಜಾರಿತು.

ಅಂದಿನಿಂದ ದಿನಾ ತಂದೆ. ದಿನಾ ಮುಡಿಸಿದೆ. ಅವಳು ಎದ್ದು ಕೂರಲಾರದಂತಾದ ಮೇಲೂ ತಂದೆ. ಒಂದು ಮಧ್ಯಾಹ್ನ ಹೂವನ್ನು ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಹೇಳಿದಳು:

"ಮೊದಲ್ನೇ ವರ್ಷ ಮೊಗ್ಗೆಲ್ಲ ಚಿವುಟಿ ಹಾಕ್ಬೇಕು, ಹೂವು ಬಿಡಾಕೆ ಬಿಡಬಾರ್ದು ಅಂತ ಆ ಅಜ್ಜಿ ಹೇಳಿದ್ರು. ನೀವು ಅವಾಗ ನೀರು ಹುಡುಕ್ತಾ ಅಡ್ಡಾಡ್ತಿದ್ರಿ."

ನಾನು ಹೂವು ಸುತ್ತಿ ತಂದಿದ್ದ ಬಾಳೆ ಎಲೆಯನ್ನು ಮಡಚತೊಡಗಿದೆ.

"ಗಿಡ ಸತ್ತಾವೇನ್ರಿ?"

"ನೀರು ಹೆಚ್ಚಾತು" ಎಂದವನೇ ಮಗುವಿನಂತೆ ಅತ್ತುಬಿಟ್ಟೆ. ಅಡುಗೆಮನೆಯಲ್ಲಿ ಅಕ್ಕ ಇರುವುದೂ ನೆನಪಾಗಲಿಲ್ಲ. ಅಳು ಸ್ವಲ್ಪ ತಗ್ಗಿದ ಮೇಲೆ ಕೇಳಿದೆ: "ಮೊದಲ್ನೇ ದಿನಾನೇ ಗೊತ್ತಿತ್ತಲ್ಲ, ಮತ್ತೆ ಯಾಕ ಸುಮ್ನಿದ್ದೆ?"

"ಹೇಳಿದ್ರೆ ಹೂವು ತರೋದು ಬಿಡ್ತಿದ್ರಿ" ಎಂದಳು.

ಮರುದಿನ ನಾನು ಹೂವು ಹಿಡಿದು ಹೋಗುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಅಕ್ಕ ಅವಳ ತಲೆ ಎತ್ತಿ ಹಿಡಿದಳು. ನಾನು ಮುಡಿಸಿದೆ.