ಸೊಂಟದ ಚೀಲ ಸೇರಿದ ಕ್ಯಾಚ್

ಮೂಡಿಗೆರೆ ಕಡೆ ಬಿಳಿ ದೊರೆಗಳು ಕಟ್ಟಿಸಿದ ಹಳೇ ಕ್ರಿಕೆಟ್ ಮೈದಾನವೊಂದಿದೆ. ಆಗೆಲ್ಲ ತೋಟದ ಆಳುಗಳು ಅಲ್ಲಿ ರೋಲರ್ ಎಳೆಯಬಹುದಿತ್ತು, ಆಡುವಂತಿರಲಿಲ್ಲ. ಮೊನ್ನೆ ಅಲ್ಲೇ ಮಾಲೀಕರಿಗೂ ಕೆಲಸದವರಿಗೂ ಪಂದ್ಯ, ನಾನು ಅಂಪೈರ್.

ಮಾಲೀಕರ ಕೊನೇ ವಿಕೆಟ್, ಗೆಲ್ಲಲು ಎರಡೇ ರನ್. ಬ್ಯಾಟಿಂಗಿಗಿದ್ದ ಎಸ್ಟೇಟ್ ಸಾಹುಕಾರರು ಎತ್ತಿ ಹೊಡೆದರು. ಗಿರಿಜಕ್ಕ ತೂಕದ ಲೆಕ್ಕದ ಕೂಲಿಗೆ ಕಾಫಿ ಹಣ್ಣು ಕುಯ್ಯುತ್ತಿದ್ದಲ್ಲಿಂದ ಸೊಂಟದ ಚೀಲವನ್ನೂ ಬಿಚ್ಚದೆ ಆಡಲು ಬಂದಿದ್ದರು. ಅವರಜ್ಜ ಇದೇ ಮೈದಾನದ ರೋಲರ್ ಎಳೆದವರು. ಓಡಿಹೋಗಿ ಒಂದೇ ಕೈಯಲ್ಲಿ ಚೆಂಡು ಹಿಡಿದವರೇ, ಅಭ್ಯಾಸಬಲದಿಂದ ಚೀಲಕ್ಕೆ ಹಾಕಿಕೊಂಡರು.

“ಚೀಲಕ್ಕೆ ಹೋದ್ರೆ ಅದೆಂಥ ಔಟ್ ಮಾರಾಯ?” ಸಾಹುಕಾರರು ನನ್ನ ಮೇಲೆ ರೇಗಿದರು.

“ಹಿಡಿದದ್ದು ಕೈಯಲ್ಲಿ. ಔಟ್!” ಎಂದು ಬೆರಳೆತ್ತಿದೆ. ಮೈದಾನಕ್ಕೆ ಮೈದಾನವೇ ಕುಣಿಯಿತು.

ಗಲಾಟೆ ತಗ್ಗಿದ ಮೇಲೆ ಗಿರಿಜಕ್ಕನ ಹತ್ತಿರ ಚೆಂಡು ಕೇಳಿದೆ.

“ಕುಯ್ದಿದ್ದನ್ನ ಸಂಜೆ ತೂಕಕ್ಕೇ ಕೊಡೋದು ಸಾರ್” ಅಂದರು.