ಕಡಲು ಗುಡಿಸಿದ ಹಡಗುಗಳು

ನನ್ನ ಗಂಡನಿಗೆ ಇಟಲಿಯ ಯುದ್ಧನೌಕೆಗಳ ಹುಚ್ಚು. ಬೇರೆ ಗಂಡಸರಿಗೆ ಕ್ರಿಕೆಟ್ ಇರುತ್ತದೆ, ಷೇರು ಇರುತ್ತದೆ. ಬ್ಯಾಂಕಿನಲ್ಲಿ ದುಡಿಯುವ ಈ ಮೈಸೂರಿನ ಮನುಷ್ಯನಿಗೆ ಇದು ಎಲ್ಲಿಂದ ಅಂಟಿತೋ ದೇವರಿಗೇ ಗೊತ್ತು. ಕುವೈತಿನ ಫರ್ವಾನಿಯಾದ ನಮ್ಮ ಫ್ಲಾಟಿಗೆ ಊಟಕ್ಕೆ ಬಂದವರಿಗೆಲ್ಲ ಸಾರಿನ ಜೊತೆ ಹಡಗನ್ನೂ ಬಡಿಸುತ್ತಿದ್ದರು. ಇಟಲಿಯವರು ಚೆಂದದ ಹಡಗು ಕಟ್ಟಿದರಂತೆ, ಆದರೆ ಎರಡನೇ ಮಹಾಯುದ್ಧದಲ್ಲಿ ರೇಡಾರ್ ಇಲ್ಲದೆ ಒಂದೇ ರಾತ್ರಿಯ ಕಾಳಗದಲ್ಲಿ ಮೂರು ದೊಡ್ಡ ಕ್ರೂಸರ್ ಕಳೆದುಕೊಂಡರಂತೆ. ಅದೇ ಜನ ಆಮೇಲೆ ಟಾರ್ಪಿಡೊ ಮೇಲೆ ಕಾಲು ಚಾಚಿ ಕೂತು ಬ್ರಿಟಿಷರ ಬಂದರಿಗೇ ನುಗ್ಗಿದರಂತೆ. ಆ ಟಾರ್ಪಿಡೊವನ್ನು ಅವರು ಹಂದಿ ಎಂದು ಕರೆಯುತ್ತಿದ್ದರಂತೆ.

ಕೊನೆಗೆ ಬರುವುದು ಯಾವಾಗಲೂ ಕುವೈತಿನ ಕಥೆ. ಇರಾಕಿನವರು ತೊಂಬತ್ತೊಂದರ ಯುದ್ಧದಲ್ಲಿ ಇಲ್ಲಿನ ನೀರಿಗೆ ಮೈನ್, ಅಂದರೆ ಕಡಲ ಬಾಂಬು, ಬಿಟ್ಟುಹೋಗಿದ್ದರು. ಅವನ್ನು ತೆಗೆಯಲು ಬಂದ ದೇಶಗಳಲ್ಲಿ ಇಟಲಿಯೂ ಒಂದು. ಕಬ್ಬಿಣ ಹತ್ತಿರ ಬಂದರೆ ಸಿಡಿಯುವ ಮೈನುಗಳಿವೆ ಎಂದು ಅವರ ಹಡಗಿನ ಒಡಲೇ ಫೈಬರಿನದಂತೆ.

"ನಿನ್ನ ಸ್ಟೀಲ್ ಡಬ್ಬಿನ ಆ ಹಡಗಿಗೆ ಹತ್ತಿಸ್ತಾನೇ ಇರಲಿಲ್ಲ ಕಣೇ," ಎನ್ನುತ್ತಿದ್ದರು.

"ನನ್ನ ಡಬ್ಬಿಗೆ ಅಯಸ್ಕಾಂತ ಹಿಡಿಯೋದೇ ಇಲ್ಲ. ಅಂಗಡೀಲೇ ಇಟ್ಟು ನೋಡಿ ತಂದಿದ್ದೀನಿ," ಎನ್ನುತ್ತಿದ್ದೆ ನಾನು.

"ಸರಿ ಬಿಡು. ಅಂತೂ ಕಡಲನ್ನ ಗುಡಿಸಿಬಿಟ್ಟರು. ಒಂದೂ ಬಿಡಲಿಲ್ಲ."

ಕಳೆದ ಚಳಿಗಾಲದ ಒಂದು ಶುಕ್ರವಾರ ನಾವು ಮೀನು ಹಿಡಿಯಲು ಹೋದೆವು. ನಾನು, ಅವರು, ಹೈಸ್ಕೂಲಿನ ಮಗಳು, ಮತ್ತು ಬೋಟ್ ನಡೆಸುವ ನಮ್ಮ ಗೆಳೆಯರೊಬ್ಬರು. ಗೆಳೆಯರು ಉಳ್ಳಾಲದ ಕಡೆಯ ಬ್ಯಾರಿ, ಜಹ್ರಾದಲ್ಲಿ ಅಂಗಡಿ. ಮೀನು ಒಂದೂ ಕಚ್ಚಲಿಲ್ಲ. ಚಿತ್ರಾನ್ನ ಖಾಲಿಯಾಯಿತು. ಹೊರಡೋಣವೆಂದು ಗೆಳೆಯರು ಲಂಗರಿನ ಹಗ್ಗ ಎಳೆದರೆ ಅದು ಬರಲೊಲ್ಲದು. ಅವರೂ ನನ್ನ ಗಂಡನೂ ಸೇರಿ ಜಗ್ಗಿದಾಗ ಏನೋ ಭಾರ ಮೇಲೆ ಬಂತು. ನಾನು ಬಗ್ಗಿ ನೋಡಿದೆ. ಬೋಟಿನ ಮೂತಿಯ ಕೆಳಗೇ ಗ್ರೈಂಡರಿಗಿಂತ ದೊಡ್ಡದೊಂದು ಕರೀ ಗುಂಡು, ಮೈತುಂಬ ಚಿಪ್ಪು, ಚಿಪ್ಪಿನ ನಡುವೆ ಕೊಂಬುಗಳು.

ನನ್ನ ಗಂಡ ಹಗ್ಗ ಬಿಟ್ಟು ಹಿಂದಕ್ಕೆ ಕುಸಿದರು. "ಮೈನ್," ಎಂದರು. ಆಮೇಲೆ ಪಿಸುದನಿಯಲ್ಲಿ, "ಕೊಂಬಿಗೆ ಬೋಟ್ ತಾಗಿದರೆ ಮುಗೀತು. ಇಂಜಿನ್ ಹಾಕಬೇಡಿ."

ಮಗಳು ಖಾಲಿ ಡಬ್ಬಿ ಸದ್ದು ಮಾಡಬಾರದೆಂದು ಎದೆಗೆ ಅವುಚಿಕೊಂಡಿದ್ದಳು. ಭಾರವನ್ನೆಲ್ಲ ಒಬ್ಬರೇ ಹೊತ್ತಿದ್ದ ಗೆಳೆಯರು ಬೋಟಿನ ಅಂಚಿಗೆ ಪಾದ ಒತ್ತಿ ನಿಂತರು. ಅವರು ಇಂಚಿಂಚಾಗಿ ಹಗ್ಗ ಸಡಿಲಿಸಿ ಆ ಗುಂಡನ್ನು ಕೆಳಗಿಳಿಸಿದರು. "ಹಗ್ಗದ ಆ ತುದಿ ಬಿಚ್ಚಬೇಕು ಮಾರಾಯ್ರೆ. ಬೇಗ. ಗಂಟು ಇರುವಾಗ ನಾನು ಕೈ ಬಿಟ್ರೆ ಗುಂಡು ಬೋಟನ್ನೇ ಜಗ್ತದೆ," ಎಂದರು.

ತುದಿ ಬೋಟಿನ ಮೂತಿಯ ಕೊಕ್ಕೆಗೆ ಗಂಟು ಹಾಕಿತ್ತು. ಗಂಡನತ್ತ ನೋಡಿದೆ. ಎಲ್ಲ ಗೊತ್ತಿದ್ದ ಮನುಷ್ಯ ಎದ್ದೇಳಲಾರದೆ ಕೂತಿದ್ದರು. ನಾನು ಹಲ್ಲಿನ ಡಾಕ್ಟರು, ಬಿಗಿ ಬಾಯಲ್ಲಿ ಬೆರಳು ಆಡಿಸಿ ಅಭ್ಯಾಸ. ಅಂಬೆಗಾಲಿಟ್ಟು ಹೋದೆ. ನೀರಿನಲ್ಲಿ ನೆನೆದ ಗಂಟು ಕಲ್ಲಾಗಿತ್ತು. ಉಗುರು ಕಿತ್ತು ರಕ್ತ ಬಂತು. ರಾಘವೇಂದ್ರಾ, ಮಗಳೊಬ್ಬಳು ಉಳಿಯಲಿ ಎಂದುಕೊಂಡೆ. ಗಂಡನ ನೆನಪೂ ಆಗಲಿಲ್ಲ, ನಿಜ ಹೇಳುತ್ತೇನೆ. ಗಂಟು ಸಡಿಲಿತು. ಗೆಳೆಯರು ಕೈ ಬಿಟ್ಟರು. ಹಗ್ಗ ಸದ್ದಿಲ್ಲದೆ ನೀರಿಗೆ ಜಾರಿ ಹೋಯಿತು.

ಇದ್ದ ಒಂದೇ ಹುಟ್ಟಿನಿಂದ ಗೆಳೆಯರು ಬಹಳ ದೂರ ತಳ್ಳಿಕೊಂಡು ಬಂದರು, ಆಮೇಲೆ ಕರಾವಳಿ ಕಾವಲಿಗೆ ಫೋನ್ ಮಾಡಿದರು. ಕಾವಲಿನವರು ನಮ್ಮನ್ನು ದಡ ಸೇರಿಸಿ, ಜಾಗ ಕೇಳಿಕೊಂಡು, ಅಲ್ಲೇ ಕೂರಲು ಹೇಳಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ದೂರದಲ್ಲಿ ನೀರು ಬೆಳ್ಳಗೆ ಎದ್ದು ನಿಂತಿತು. ಸದ್ದು ಆಮೇಲೆ ಬಂತು. ಕಾವಲಿನವರು ಆ ಗುಂಡನ್ನು ಸಿಡಿಸಿದ್ದರು.

"ಬಟ್ ಅಪ್ಪಾ," ಮಗಳು ಕೇಳಿದಳು, "ಯೂ ಸೆಡ್ ಇಟಾಲಿಯನ್ಸ್ ಎಲ್ಲಾ ಕ್ಲೀನ್ ಮಾಡಿದ್ರು ಅಂತ."

"ಸಿಕ್ಕಿದ್ದನ್ನೆಲ್ಲ ತೆಗೆದರು ಪುಟ್ಟಿ," ಎಂದರು.

ಅವಳು ನೀರಿನತ್ತ ತಿರುಗಿದಳು. ಇನ್ನೊಂದು ಬದಿಯಲ್ಲಿ ಎರಡು ಬೋಟುಗಳು ಇನ್ನೂ ಮೀನಿಗೆ ನಿಂತಿದ್ದವು, ಮಕ್ಕಳ ಕೆಂಪು ಜಾಕೆಟ್ಟುಗಳು ದಡಕ್ಕೂ ಕಾಣುತ್ತಿದ್ದವು.

"ಸೋ ಸಿಗದೇ ಇರೋದು?"

ನನ್ನ ಗಂಡ ಎದ್ದು, ನೀರಿನ ಅಂಚಿಗೆ ಓಡಿ, ಆ ಬೋಟುಗಳ ಕಡೆಗೆ ಎರಡೂ ಕೈ ಬೀಸಿ ಕೂಗತೊಡಗಿದರು.